ಮೂರು ಸಲ ಕೂಗಿದ ಹೆಸರು

ದೀಪ ಸ್ವಲ್ಪ ಸಣ್ಣ ಮಾಡಿ. ಅಯ್ಯೋ, ಪೂರ್ತಿ ಆರಿಸಬೇಡಿ... ಹೇಳುವವನಿಗೂ ಭಯ ಇರುತ್ತದೆ.

ಇದು ನಮ್ಮ ದೊಡ್ಡಪ್ಪನ ಮಗ ರೂಡಿಗೆ ಆದದ್ದು. ರೂಡಿ ಅಂದರೆ ರುದ್ರನಾಥ್ ಬಾಲ್‌ಗೋಬಿನ್, ವಕೀಲ. ನಾನು ಹೇಳುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಸುಳ್ಳು ಅಂತ ಪೇಶನ್ಸ್ ಹಳ್ಳಿಯ ಕೋಳಿಗಳಿಗೂ ಗೊತ್ತು. ಇದು ಉಳಿದ ಅರ್ಧದ್ದು.

ಆವತ್ತು ಅಮಾವಾಸ್ಯೆ. ಸರಿ ಬಿಡಿ, ಅಮಾವಾಸ್ಯೆ ಅಲ್ಲ. ಚಂದ್ರ ಇದ್ದ, ಆದರೆ ಮೋಡದ ಹಿಂದೆ ತಲೆ ತಪ್ಪಿಸಿಕೊಂಡವನ ಹಾಗೆ ಕೂತಿದ್ದ. ರೂಡಿ ಕಡಲ ಒಡ್ಡಿನ ಮೇಲೆ ಒಬ್ಬನೇ ನಡೆದು ಬರುತ್ತಿದ್ದ. ಒಂದು ಕೈಯಲ್ಲಿ ಕೆಸರಾದ ಶೂ, ಇನ್ನೊಂದರಲ್ಲಿ ಕಡತದ ಚೀಲ. ಬಲಗಡೆ ಸಮುದ್ರ. ಎಡಗಡೆ, ಸಮುದ್ರಕ್ಕಿಂತ ತಗ್ಗಿನಲ್ಲಿ, ನಮ್ಮ ಊರು. ಊರು ಮುಳುಗದೆ ಉಳಿದಿರುವುದು ತೂಬಿನಿಂದ. ಕಡಲು ಇಳಿದಾಗ ತೂಬಿನ ಬಾಗಿಲು ಎತ್ತಬೇಕು, ಗದ್ದೆಯ ನೀರು ಹೊರಗೆ ಹೋಗಬೇಕು. ಕಡಲು ಏರುವ ಮೊದಲು ಇಳಿಸಬೇಕು. ಹಗಲಾಗಲಿ ರಾತ್ರಿಯಾಗಲಿ, ನೀರುಗಂಟಿ ಕಬ್ಬಿಣದ ಹಿಡಿ ಹಾಕಿ ರಾಟೆ ತಿರುಗಿಸಬೇಕು. ಕಟ್... ಕಟ್... ಕಟ್... ಆ ಸದ್ದು ಕೇಳಿದರೆ ನಾವು ಮಗ್ಗುಲು ಬದಲಿಸಿ ನಿದ್ದೆ ಮುಂದುವರಿಸುತ್ತೇವೆ. ಅಷ್ಟು ರೂಢಿ.

ರೂಡಿ ಹೋಗಿದ್ದು ಆ ನೀರುಗಂಟಿಯನ್ನು ಹುಡುಕಿಕೊಂಡೇ. ಅಲ್ರಿಕ್ ಅಡೋನಿಸ್ ಅಂತ. ಎತ್ತರದ ಮುದುಕ, ತೊಡೆಯವರೆಗೂ ರಬ್ಬರ್ ಬೂಟು, ಮಾತು ಕಮ್ಮಿ. ಮರುದಿನ ಕೋರ್ಟಿನಲ್ಲಿ ಅವನ ಸಾಕ್ಷಿ. ಅವನು ಬರದಿದ್ದರೆ ಖೇಮರಾಜ್ ಅನ್ನುವ ಹುಡುಗನಿಗೆ ಹಗ್ಗ, ಇಲ್ಲವೇ ಸಾಯುವ ತನಕ ಜೈಲು.

ಖೇಮರಾಜನ ಕತೆ ಏನೆಂದರೆ, ಗದ್ದೆಯ ವಿಷಯಕ್ಕೆ ಅವನಿಗೂ ಅವನ ಚಾಚಾ, ಅಂದರೆ ಚಿಕ್ಕಪ್ಪ, ಜೈಪಾಲನಿಗೂ ಎಷ್ಟೋ ವರ್ಷದಿಂದ ಸಿವಿಲ್ ದಾವೆ. ಖೇಮರಾಜನ ಕಡೆಗೆ ನಮ್ಮ ರೂಡಿ, ಅವನ ಹಿರಿಯ ವಕೀಲೆ ಮಿಸ್ ಬೊವೆಲ್. ಬಟ್ಟೆ ಅಂಗಡಿಯ ಮಹಡಿಯ ಮೇಲೆ, ಮರದ ಕಂಬಗಳ ಮೇಲೆ ನಿಂತ ಪುಟ್ಟ ಆಫೀಸು. ಹೊರಗೆ 'ಬೊವೆಲ್ ಮತ್ತು ಬಾಲ್‌ಗೋಬಿನ್, ಸಿವಿಲ್ ಮತ್ತು ಕ್ರಿಮಿನಲ್' ಅಂತ ಬೋರ್ಡು. ಸಿಕ್ಕು ಬಿದ್ದ ಕೇಸುಗಳೆಲ್ಲ ಆ ಮೆಟ್ಟಿಲು ಹತ್ತುತ್ತಿದ್ದವು. ಹೋದ ವರ್ಷ ಮಳೆಗಾಲದ ಒಂದು ರಾತ್ರಿ ಜೈಪಾಲನನ್ನು ಗದ್ದೆಯಲ್ಲಿ ಯಾರೋ ಕಡಿದು ಹಾಕಿದರು. ಪೊಲೀಸರು ಸೀದಾ ಖೇಮರಾಜನನ್ನು ಎತ್ತಿಕೊಂಡು ಹೋದರು. ಕಾರಣ? ಸಿವಿಲ್ ದಾವೆಯ ದ್ವೇಷ. ಹೀಗೆ ರೂಡಿ ಒಂದು ಕೋರ್ಟಿನಲ್ಲಿ ಬರೆದು ಕೊಟ್ಟಿದ್ದೆಲ್ಲ ಇನ್ನೊಂದು ಕೋರ್ಟಿನಲ್ಲಿ ಅವನ ಕಕ್ಷಿದಾರನ ಕುತ್ತಿಗೆಗೆ ಬಂತು. ರೂಡಿಗೆ ಆವತ್ತಿನಿಂದ ಊಟ ಸೇರುತ್ತಿರಲಿಲ್ಲ.

ಖೇಮರಾಜ ಹೇಳುವುದು ಇಷ್ಟೇ: "ಆ ರಾತ್ರಿ ನಾನು ತೂಬಿನ ಹತ್ರ ಇದ್ದೆ. ಅಲ್ರಿಕ್ ಅಂಕಲ್ ಒಬ್ಬರೇ ಒದ್ದಾಡ್ತಿದ್ದರು, ರಾಟೆ ತಿರುಗಿಸೋಕೆ ಕೈ ಕೊಟ್ಟೆ. ಬೆಳಗಾಗೋವರೆಗೂ ಅಲ್ಲೇ ಇದ್ದೆ."

ಆದರೆ ಮುದುಕ ಯಾರ ಕೈಗೂ ಸಿಕ್ಕಿರಲಿಲ್ಲ. ಸಮನ್ಸನ್ನು ಗುಡಿಸಲ ಬಾಗಿಲಿಗೆ ಅಂಟಿಸಿದ್ದರು. ಮರುದಿನ ನೋಡಿದರೆ ಅದು ಅಲ್ಲಿರಲಿಲ್ಲ. ಊರವರನ್ನು ಕೇಳಿದರೆ, "ಇರ್ತಾನೆ ಬಿಡಿ, ತೂಬು ಏಳುತ್ತಾ ಇದೆಯಲ್ಲ," ಅನ್ನುವ ಉತ್ತರ. ಆ ರಾತ್ರಿಯೂ ಗುಡಿಸಲಿಗೆ ಬೀಗ. ರಾಟೆ ಮಾತ್ರ ಆಗ ತಾನೇ ತಿರುಗಿಸಿದ ಹಾಗೆ ಒದ್ದೆ.

ರೂಡಿ ವಾಪಸು ಬರುತ್ತಾ ಡಚ್ಚರ ಬಾವಿಯ ಹತ್ತಿರ ಬಂದ. ಡಚ್ಚರು ಇಲ್ಲಿ ತೋಟ ಮಾಡಿ ಗುಲಾಮರನ್ನು ದುಡಿಸಿದ ಕಾಲದ ಇಟ್ಟಿಗೆಯ ಹಳೇ ಬಾವಿ. ಮೇಲೆ ಬೂರುಗದ ಮರ. ಮಾಲೀಕ ಡಚ್ಚನೊಬ್ಬ ಸತ್ತ ಮೇಲೂ ಸರಪಳಿ ಸಮೇತ ಆ ಮರದ ಕೆಳಗೇ ಇದ್ದಾನೆ ಅಂತ ನಮ್ಮ ಕಡೆ ಮಾತು. ಹಗಲಲ್ಲೂ ಅಲ್ಲಿ ಯಾರೂ ಉಚ್ಚೆ ಹೊಯ್ಯುವುದಿಲ್ಲ. ರೂಡಿಗೆ ಅದೆಲ್ಲ ನೆನಪಿರಲಿಲ್ಲ. ಅವನಿಗೆ ಸಿಟ್ಟು ಬಂದಿತ್ತು. ಸುಸ್ತು. ಹಸಿವು. ಬಾವಿಕಟ್ಟೆಯ ಮೇಲೆ ಚೀಲ ಕುಕ್ಕಿದ. ನಾಳೆ ದಫೇದಾರ ಕೋರ್ಟಿನ ಬಾಗಿಲಲ್ಲಿ ನಿಂತು ಹೇಗೆ ಗಂಟಲು ಹರಿದುಕೊಳ್ಳುತ್ತಾನೋ ಹಾಗೇ, ಅದೇ ರಾಗದಲ್ಲಿ, ಕತ್ತಲಿಗೆ ಕೂಗಿದ:

"ಅಲ್ರಿಕ್ ಅಡೋನಿಸ್! ಹಾಜರಾ...?"

ಕಪ್ಪೆಗಳು ನಿಂತವು.

"ಅಲ್ರಿಕ್ ಅಡೋನಿಸ್! ಹಾಜರಾ...?"

ಎಲೆ ಅಲ್ಲಾಡಲಿಲ್ಲ. ವಕೀಲನ ನಾಲಿಗೆ. ಎರಡಕ್ಕೆ ನಿಲ್ಲಿಸಿದರೆ ಕೂಗು ಪೂರ್ತಿಯಾಗುವುದಿಲ್ಲ, ಅವನ ಕೋರ್ಟಿನಲ್ಲಿ ಮೂರು ಕೂಗಿದರೇ ಲೆಕ್ಕ. ಕತ್ತಲಲ್ಲಿ ಹೆಸರನ್ನು ಮೂರು ಸಲ ಕೂಗಬಾರದು ಅಂತ ಗೊತ್ತಿರುವ ನಮ್ಮ ಊರಿನ ಬೇರೆ ಯಾರೇ ಆಗಿದ್ದರೂ ಎರಡಕ್ಕೆ ನಿಲ್ಲಿಸಿ ಮನೆಗೆ ಓಡುತ್ತಿದ್ದರು.

"ಅಲ್ರಿಕ್ ಅಡೋನಿಸ್! ಹಾಜರಾ...?"

ಬಾವಿಯೊಳಗೆ 'ಗುಳಕ್' ಅಂತ ಒಂದು ಸದ್ದು. ಆಮೇಲೆ, ಬಾವಿಯಿಂದಲ್ಲ... ಬೆನ್ನ ಹಿಂದಿನಿಂದ...

"ಬಂದೆ."

ರೂಡಿಯ ಕೈಯಲ್ಲಿದ್ದ ಶೂ ಕೆಳಗೆ ಬಿತ್ತು. ತಿರುಗಿ ನೋಡಿದ. ಮರದ ನೆರಳಿನಲ್ಲಿ ಇನ್ನೊಂದು ಎತ್ತರದ ನೆರಳು.

"ಅಂಕಲ್ ಅಲ್ರಿಕ್?"

"ಹ್ಞೂಂ."

"ಎಲ್ಲಿ ಹೋಗಿದ್ರಿ ಅಂಕಲ್? ಊರೆಲ್ಲ ಹುಡುಕಿದೆ! ನಾಳೆ ಕೋರ್ಟು."

"ಕೂಗಿದಿರಲ್ಲ. ಬರ್ತೀನಿ."

"ಆ ರಾತ್ರಿ ಖೇಮರಾಜ್..."

"ನನ್ನ ಜೊತೆ ರಾಟೆ ತಿರುಗಿಸಿದ. ಒಳ್ಳೇ ಹುಡುಗ. ಬೇರೆ ಯಾರೂ ಕೈ ಕೊಡಲಿಲ್ಲ."

"ಅಷ್ಟು ಹೇಳಿ ಸಾಕು."

ನೆರಳು ಒಂದು ಹೆಜ್ಜೆ ಹತ್ತಿರ ಬಂತು. ಆಮೇಲೆ ತಗ್ಗಿದ ದನಿಯಲ್ಲಿ, "ಹೇಳಿದ ಮೇಲೆ... ನಂದು ಮುಗಿಯುತ್ತಾ?"

"ಮುಗಿಯುತ್ತೆ ಅಂಕಲ್. ಕೋರ್ಟು 'ಹೋಗಿ' ಅಂದ ತಕ್ಷಣ ಮುಗೀತು."

ರೂಡಿ ಚೀಲ ಎತ್ತಿಕೊಂಡು ಹೊರಟ. ಹಿಂದೆ ಹೆಜ್ಜೆ. ಪಚಕ್... ಪಚಕ್... ನೀರು ತುಂಬಿದ ಬೂಟಿನ ಸದ್ದು. ಊರ ರಸ್ತೆಯ ದೀಪದ ಕೆಳಗೆ ಬಂದು ಹಿಂತಿರುಗಿದರೆ ರಸ್ತೆ ಖಾಲಿ. ಮುದುಕ ಗುಡಿಸಲಿಗೆ ಹೋಗಿರಬೇಕು ಅಂದುಕೊಂಡ. ಅವನಿಗೆ ಆವತ್ತು ಬಹಳ ದಿನದ ಮೇಲೆ ಚೆನ್ನಾಗಿ ನಿದ್ದೆ ಬಂತು. ಅದನ್ನು ನೆನೆಸಿಕೊಂಡರೆ ಈಗಲೂ ಅವನಿಗೆ ನಡುಕ.

ಬೆಳಗ್ಗೆ ಕೋರ್ಟು ತುಂಬಿತ್ತು. ಖೇಮರಾಜ ಕಟಕಟೆಯಲ್ಲಿ ಉಗುರು ಕಚ್ಚುತ್ತಾ ನಿಂತಿದ್ದ. ಅವನ ತಾಯಿ ಸುಮಿಂತ್ರಾ ಹಿಂದಿನ ಸಾಲಿನಲ್ಲಿ ದಾಲ್‌ಪೂರಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮಗ ಬಿಡುಗಡೆಯಾದರೆ ಅಲ್ಲೇ ತಿನ್ನಿಸಬೇಕು ಅಂತ ಅವಳು ದಿನಾ ಬಿಸಿಬಿಸಿ ತರುವುದು, ದಿನಾ ತಣ್ಣಗಾದದ್ದನ್ನು ಹೊತ್ತುಕೊಂಡು ಹೋಗುವುದು. ಸರ್ಕಾರಿ ವಕೀಲ ಗಿಟ್ಟೆನ್ಸ್ ರೂಡಿಯನ್ನು ನೋಡಿ ಹಲ್ಲು ಬಿಟ್ಟ.

"ಏನಪ್ಪಾ ರೂಡಿ, ನಿನ್ನ ನೀರುಗಂಟಿ ನೀರಲ್ಲೇ ಕರಗಿ ಹೋದನಂತೆ?"

"ಕೂಗಿಸಿ ನೋಡಿ."

ದಫೇದಾರ ಬಾಗಿಲಿಗೆ ಹೋಗಿ ಕೂಗಿದ. ಒಂದು. ಉತ್ತರ ಇಲ್ಲ. ಎರಡು. ಉತ್ತರ ಇಲ್ಲ. ಗಿಟ್ಟೆನ್ಸ್ ಆಗಲೇ ಎದ್ದು ನಿಂತು ನಿಲುವಂಗಿ ಸರಿ ಮಾಡಿಕೊಳ್ಳುತ್ತಿದ್ದ. ಮೂರು.

"ಬಂದೆ."

ಮುದುಕ ಒಳಗೆ ಬಂದ. ಪಚಕ್... ಪಚಕ್... ಸಾಕ್ಷಿಯ ಜಾಗದಲ್ಲಿ ನಿಂತು ಪ್ರಮಾಣ ಮಾಡಿದ. ಖೇಮರಾಜ ಆ ರಾತ್ರಿ ತನ್ನ ಜೊತೆಗೇ ಇದ್ದ, ಕಡಲು ಇಳಿದಾಗ ಇಬ್ಬರೂ ಸೇರಿ ಬಾಗಿಲು ಎತ್ತಿದೆವು, ಏರುವ ಮೊದಲು ಇಳಿಸಿದೆವು, ನಡುವೆ ಹುಡುಗ ಎಲ್ಲಿಗೂ ಹೋಗಲಿಲ್ಲ. ಹೇಳಬೇಕಾದ್ದು ಅಷ್ಟೇ, ಅಷ್ಟನ್ನೇ ಹೇಳಿದ. ಎಲ್ಲಿಂದಲೋ ಟಪ್... ಟಪ್... ಅಂತ ನೀರು ತೊಟ್ಟಿಕ್ಕುವ ಸದ್ದು. ಸೂರು ಸೋರುತ್ತಿದೆ ಅಂದುಕೊಂಡ ಜವಾನ ಒಂದು ಬಕೆಟ್ ತಂದಿಟ್ಟ. ಹೊರಗೆ ಸುಡು ಬಿಸಿಲು.

ಗಿಟ್ಟೆನ್ಸ್ ಪಾಟೀಸವಾಲಿಗೆ ಎದ್ದ.

"ಆ ರಾತ್ರಿ ಕುಡಿದಿದ್ರಾ ಅಡೋನಿಸ್?"

"ಕುಡಿದಿದ್ದೆ ಸಾರ್."

ಗಿಟ್ಟೆನ್ಸ್ ಜ್ಯೂರಿಯ ಕಡೆ ತಿರುಗಿ ಕಣ್ಣು ಮಿಟುಕಿಸಿದ. "ಏನು ಕುಡಿದಿದ್ರಿ? ರಮ್ಮಾ?"

"ನೀರು ಸಾರ್. ಬಹಳ ನೀರು."

ಜನ ನಕ್ಕರು. ರೂಡಿಯೂ ನಕ್ಕ. ಮಿಸ್ ಬೊವೆಲ್ ಒಬ್ಬಳು ನಗಲಿಲ್ಲ. ಎಪ್ಪತ್ತು ದಾಟಿದ ಹೆಂಗಸು, ಕಡ್ಡಿಯ ಹಾಗೆ ನೆಟ್ಟಗೆ ಕೂತು ಮುದುಕನ ಬೂಟುಗಳನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು. ಜಡ್ಜು ಬೆವರು ಒರೆಸಿಕೊಂಡು, "ಇವತ್ತಿಗೆ ಸಾಕು. ಸಾಕ್ಷಿ, ನಿಮ್ಮ ಪಾಟೀಸವಾಲು ಮುಗಿದಿಲ್ಲ, ನೀವಿನ್ನೂ ಪ್ರಮಾಣದ ಮೇಲಿದ್ದೀರಿ. ಯಾರ ಹತ್ತಿರವೂ ಮಾತಾಡಬೇಡಿ. ನಾಳೆ ಬನ್ನಿ," ಅಂದ.

"ನಂದು ಮುಗೀಲಿಲ್ವಾ ಸ್ವಾಮಿ?"

"ನಾಳೆ."

ಆಫೀಸಿಗೆ ಬಂದ ಮೇಲೆ ಮಿಸ್ ಬೊವೆಲ್ ಛತ್ರಿಯ ತುದಿಯನ್ನು ರೂಡಿಯ ಎದೆಗೆ ಆನಿಸಿದಳು.

"ಕೇಳು ಹುಡುಗಾ. ನಾಳೆ ಅವನು ಇಳಿಯೋವರೆಗೂ ಅವನ ಜೊತೆ ಒಂದು ಮಾತಾಡಕೂಡದು. ಮಳೆ ಬರ್ತಿದೆಯಾ ಅಂತಲೂ ಕೇಳಬೇಡ. ಪಾಟೀಸವಾಲಿನ ನಡುವೆ ಸಾಕ್ಷಿ ಜೊತೆ ಮಾತಾಡಿದೆ ಅಂತ ಗಿಟ್ಟೆನ್ಸ್ ಕಿವಿಗೆ ಬಿದ್ದರೆ ಸಾಕ್ಷ್ಯ ಹೋಯ್ತು, ಹುಡುಗ ಹೋದ, ಕೆಳಗಿರೋ ಬೋರ್ಡೂ ಹೋಯ್ತು."

"ಗೊತ್ತು ಮೇಡಂ."

"ಕಾನೂನು ಗೊತ್ತು. ಇನ್ನೊಂದು ಗೊತ್ತಾ? ಕತ್ತಲಲ್ಲಿ ಕೇಳಿದ ಪ್ರಶ್ನೆಗೂ ಉತ್ತರ ಕೊಡಬಾರದು." ಅವಳು ಬಾಗಿಲ ತನಕ ಹೋಗಿ ನಿಂತಳು. "ಅವನನ್ನ ಎಲ್ಲಿ ಹಿಡಿದೆ ನೀನು?"

"ಡಚ್ಚರ ಬಾವಿ ಹತ್ರ. ಕೂಗಿದೆ, ಬಂದರು."

"ಎಷ್ಟು ಸಲ ಕೂಗಿದೆ?"

ರೂಡಿ ಹೇಳಿದ. ಮಿಸ್ ಬೊವೆಲ್ ಎದೆಯ ಮೇಲೆ ಶಿಲುಬೆ ಬರೆದುಕೊಂಡು ಮೆಟ್ಟಿಲಿಳಿದಳು.

ರಾತ್ರಿ ರೂಡಿ ಒಬ್ಬನೇ ಆಫೀಸಿನಲ್ಲಿ ಮರುದಿನದ ವಾದ ಬರೆಯುತ್ತಾ ಕೂತಿದ್ದ. ಕೆಳಗೆ ಬಟ್ಟೆ ಅಂಗಡಿಯವನು ಷಟರ್ ಎಳೆದ. ನಾಯಿಗಳು ಬೊಗಳುವುದನ್ನು ನಿಲ್ಲಿಸಿದವು. ಆಗ ಮರದ ಮೆಟ್ಟಿಲ ಮೇಲೆ... ಪಚಕ್... ಪಚಕ್...

ಬಾಗಿಲು ತೆರೆದ ಸದ್ದಾಗಲಿಲ್ಲ. ಆದರೆ ಕಕ್ಷಿದಾರರು ಕೂರುವ ಬೆಂಚು 'ಕಿರ್ರ್' ಅಂತ ಭಾರಕ್ಕೆ ನರಳಿತು.

ಮೇಜಿನ ದೀಪದ ಬೆಳಕು ಬೆಂಚಿನ ತನಕ ಹೋಗುತ್ತಿರಲಿಲ್ಲ. ಬೂಟಿನ ತುದಿ ಮಾತ್ರ ಕಾಣುತ್ತಿತ್ತು. ಎಲ್ಲಿಗೆ ಹೋಗಬೇಕು ಅಂತ ಕೋರ್ಟು ಹೇಳಿರಲಿಲ್ಲ, ಅದಕ್ಕೆ ಮುದುಕ ಕೂಗಿ ಕರೆದವನ ಹತ್ತಿರಕ್ಕೇ ಬಂದಿದ್ದ. ರೂಡಿ ನಮಸ್ಕಾರ ಅನ್ನಲೂ ಬಾಯಿ ತೆರೆಯಲಿಲ್ಲ. ತಲೆ ತಗ್ಗಿಸಿ ಬರೆಯತೊಡಗಿದ.

ಫೋನು ಬಡಿದುಕೊಂಡಿತು.

ಫೋನು ಮಾಡಿದ್ದು ಯಾರು ಗೊತ್ತೇ? ನಾನೇ. ಇಲ್ಲಿ ನನ್ನ ಮಾತು ನಂಬಲೇಬೇಕು, ಬೇರೆ ದಾರಿಯಿಲ್ಲ.

"ರೂಡಿ," ಅಂದೆ, "ತೂಬಿನ ಬುಡದ ಕಾಂಕ್ರೀಟು ಸೋರ್ತಿತ್ತಲ್ಲ, ಇವತ್ತು ಸಂಜೆ ಒಡೆದರು. ಒಳಗೆ ಮೂಳೆ ಇದೆ ಕಣೋ. ಬೂಟು ಇದೆ. ಬೂಟಿನ ಮೇಲೆ ಕಾದ ಕಬ್ಬಿಣದಲ್ಲಿ ಸುಟ್ಟು ಬರೆದ ಹೆಸರಿದೆ. ಅಲ್ರಿಕ್ ಅಂಕಲ್ ಕಣೋ!"

"ಕಳೆದ ಸಲ ನೀನು ಹೆಂಡತಿ ಸತ್ತಳು ಅಂತ ಫೋನು ಮಾಡಿದ್ದೆ. ನಾನು ಹೂವು ತಂದೆ. ಅವಳೇ ಬಾಗಿಲು ತೆಗೆದಳು."

"ಇದು ತಮಾಷೆ ಅಲ್ವೋ! ಆ ಕಾಂಕ್ರೀಟು ಹಾಕಿದ್ದು ಜೈಪಾಲ್ ಚಾಚಾ ಸಾಯೋಕೆ ಒಂದು ವರ್ಷ ಮೊದಲು. ಅದರ ಕೆಳಗೆ ಜೇಡಿಮಣ್ಣಲ್ಲಿ ಬಿದ್ದು ಸತ್ತಿದ್ದಾನೆ, ಯಾರೂ ನೋಡದೆ ಮೇಲೆ ಸುರಿದುಬಿಟ್ಟಿದ್ದಾರೆ. ಬೆರಳುಗಳು ಏನನ್ನೋ ಬಿಗಿಯಾಗಿ ಹಿಡಿದ ಹಾಗೇ ಇವೆ, ಹಿಡಿದದ್ದು ಮಾತ್ರ ಇಲ್ಲ."

"ಕುಡಿದು ಮಲಗು ಹೋಗು. ಅಲ್ರಿಕ್ ಅಂಕಲ್ ಇಲ್ಲೇ ಬೆಂಚಿನ ಮೇಲೆ ಕೂತಿದ್ದಾರೆ."

ನಾನು ಫೋನನ್ನು ಕಿವಿಗೆ ಒತ್ತಿಕೊಂಡೆ. ತಂತಿಯ ಆಚೆಯಿಂದ ನನಗೂ ಕೇಳಿಸುತ್ತಿತ್ತು... ಟಪ್... ಟಪ್... ಟಪ್...

"ರೂಡಿ," ಅಂತ ಪಿಸುಗುಟ್ಟಿದೆ, "ಹಾಗಾದರೆ ಎರಡು ವರ್ಷದಿಂದ ನಮ್ಮ ತೂಬು ಎತ್ತುತ್ತಾ ಇರೋದು ಯಾರೋ?"

ಆಚೆ ಕಡೆ ಫೋನು ಮೆಲ್ಲಗೆ ಕೆಳಗಿಟ್ಟ ಸದ್ದು.

ಇದಾದ ಮೇಲಿನದು ರೂಡಿ ಹೇಳಿದ್ದು. ನನ್ನ ಹಾಗೆ ಅವನು ಸುಳ್ಳು ಹೇಳುವುದಿಲ್ಲ. ಅದಕ್ಕೇ ಅವನ ವಕೀಲಿಕೆ ಅಷ್ಟಕ್ಕಷ್ಟೆ.

ರೂಡಿ ಪೆನ್ನು ಹಿಡಿದೇ ಕೂತಿದ್ದ. ಪೆನ್ನು ಕಾಗದದ ಮೇಲೆ ಒಂದೇ ಜಾಗದಲ್ಲಿ ನಿಂತು ಮಸಿ ಹರಡುತ್ತಿತ್ತು. ಬೆಂಚಿನ ಕಡೆಯಿಂದ ಪಿಸುದನಿ.

"ಲಾಯರ್ ಸಾಹೇಬ್ರೇ... ನಂದು ಮುಗೀತಾ?"

ಅವನಿಗೆ ಅರ್ಥವಾಯಿತು. ಮುದುಕನಿಗೆ ಇಷ್ಟು ದಿನ ಯಾರೂ ನಿನ್ನ ಕೆಲಸ ಮುಗೀತು ಅಂತ ಹೇಳಿಲ್ಲ. ಸತ್ತದ್ದು ಯಾರಿಗೂ ಗೊತ್ತಾಗಲಿಲ್ಲ, ಅದಕ್ಕೇ ಯಾರೂ ಹೇಳಲಿಲ್ಲ. ಕಡಲು ಇಳಿದಾಗ ಎತ್ತಿದ್ದಾನೆ, ಏರುವ ಮೊದಲು ಇಳಿಸಿದ್ದಾನೆ, ನಾವು ಮಗ್ಗುಲು ಬದಲಿಸಿ ಮಲಗಿದ್ದೇವೆ. ಈಗ ಹೇಳಬೇಕಾದವನು ರೂಡಿ. ಒಂದೇ ಮಾತು. ಮುಗೀತು ಅಂದರೆ ಮುದುಕ ಹೋಗುತ್ತಾನೆ, ಕೋಣೆ ಖಾಲಿ, ರೂಡಿ ಮನೆಗೆ ಹೋಗಿ ಹೊದ್ದು ಮಲಗಬಹುದು. ಆದರೆ ನಾಳೆ ದಫೇದಾರ ಮೂರು ಸಲ ಕೂಗಿದಾಗ ಬಾಗಿಲಲ್ಲಿ ಯಾರೂ ಇರುವುದಿಲ್ಲ. ಪಾಟೀಸವಾಲಿಗೆ ಬಾರದ ಸಾಕ್ಷಿಯ ಮಾತನ್ನು ಗಿಟ್ಟೆನ್ಸ್ ಕಾಗದದ ಹಾಗೆ ಹರಿದು ಬಿಸಾಡುತ್ತಾನೆ. ಸುಮಿಂತ್ರಾಳ ದಾಲ್‌ಪೂರಿ ಮತ್ತೆ ತಣ್ಣಗಾಗುತ್ತದೆ, ಈ ಸಲ ಪೂರ್ತಿಯಾಗಿ.

"ಸಾಹೇಬ್ರೇ... ಕೈ ನೋಯ್ತಿದೆ. ನಂದು ಮುಗೀತಾ?"

ರೂಡಿ ನಿಲುವಂಗಿಯ ತುದಿಯನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡ. ಕಣ್ಣಲ್ಲಿ ನೀರು ಬಂತು. ಭಯಕ್ಕೋ ಪಾಪ ಅನ್ನಿಸಿದ್ದಕ್ಕೋ ಅವನಿಗೇ ಗೊತ್ತಿಲ್ಲ. ಬೆಂಚು ಕಿರ್ರ್ ಅಂದಿತು. ಪಚಕ್... ಪಚಕ್... ಹೆಜ್ಜೆ ಮೇಜಿನ ತನಕ ಬಂತು. ಕಡಲ ಕೆಸರಿನ ವಾಸನೆ ಬಂತು. ದೀಪದ ಬೆಳಕಿನ ಅಂಚಿನಲ್ಲಿ ಒಂದು ಕೈ ಕಾಣಿಸಿತು, ಏನನ್ನೋ ಬಿಗಿಯಾಗಿ ಹಿಡಿದ ಕೈ. ರೂಡಿ ಕಣ್ಣು ಮುಚ್ಚಿಕೊಂಡ.

ಹೆಜ್ಜೆ ತಿರುಗಿತು. ಮೆಟ್ಟಿಲಿಳಿಯಿತು. ಕಡಲು ಇಳಿಯುವ ಹೊತ್ತಾಗಿತ್ತು. ನಾನು ಇಲ್ಲಿ ಹಾಸಿಗೆಯಲ್ಲಿ ಮುಸುಕು ಹಾಕಿಕೊಂಡು ಕೇಳಿಸಿಕೊಂಡೆ. ಕಟ್... ಕಟ್... ಕಟ್... ಆ ರಾತ್ರಿ ಮಗ್ಗುಲು ಬದಲಿಸಲು ನನ್ನಿಂದ ಆಗಲಿಲ್ಲ. ರೂಡಿ ಓಡಿಹೋಗಬಹುದಿತ್ತು. ಓಡಲಿಲ್ಲ. ಬೆಳಗಿನ ಜಾವ ಹೆಜ್ಜೆ ಮತ್ತೆ ಮೆಟ್ಟಿಲು ಹತ್ತಿ ಬಂದಾಗ ಅವನು ಬಾಯಿಗೆ ಬಟ್ಟೆ ತುರುಕಿಕೊಂಡು ಅಲ್ಲೇ ಕೂತಿದ್ದ.

ಕೋರ್ಟಿನಲ್ಲಿ ಗಿಟ್ಟೆನ್ಸ್ ಆವತ್ತು ಹಲ್ಲು ಬಿಡಲಿಲ್ಲ. ಮುಖ ಸುಣ್ಣ ಬಳಿದ ಹಾಗಿತ್ತು. ಮೂಳೆಯ ಸುದ್ದಿಯನ್ನು ಬೆಳಗ್ಗೆ ಪೊಲೀಸರು ಅವನಿಗೆ ಮುಟ್ಟಿಸಿದ್ದರು. ಯಾರ ಮೂಳೆ ಅಂತ ಸರ್ಕಾರ ಬರೆದು ಕೊಡಲು ತಿಂಗಳುಗಳು ಬೇಕು, ಆ ಮಾತು ಬೇರೆ. ಆದರೆ ಬೂಟಿನ ಮೇಲಿನ ಹೆಸರು ಅವನಿಗೂ ತಲುಪಿತ್ತು.

"ರೂಡಿ," ಅಂದ ಮೆಲ್ಲಗೆ, "ಅವನು ಬರಲ್ಲ ತಾನೇ?"

ರೂಡಿ ಬಾಗಿಲ ಕಡೆ ನೋಡಿದ. ಬರಲಿ ಅಂತಲೂ ಪ್ರಾರ್ಥಿಸುತ್ತಿದ್ದ, ಬರದಿರಲಿ ಅಂತಲೂ ಪ್ರಾರ್ಥಿಸುತ್ತಿದ್ದ.

ದಫೇದಾರ ಕೂಗಿದ. ಒಂದು... ಎರಡು...

ಗಿಟ್ಟೆನ್ಸ್ ಮೇಜಿನ ಅಂಚನ್ನು ಹಿಡಿದುಕೊಂಡ.

ಮೂರು.

"ಬಂದೆ."

ಪಚಕ್... ಪಚಕ್... ಮುದುಕ ನಿನ್ನೆಯ ಜಾಗದಲ್ಲೇ ನಿಂತ. ಬೂಟಿಗೆ ಬೂದು ಬಣ್ಣದ ಕಾಂಕ್ರೀಟಿನ ಚೂರುಗಳು ಮೆತ್ತಿಕೊಂಡಿದ್ದವು, ನಿನ್ನೆ ಅವು ಇರಲಿಲ್ಲ. ಗಿಟ್ಟೆನ್ಸ್ ಎದ್ದ. ಬೂಟು ನೋಡಿದ. ಬಾಯಿ ತೆರೆದ. ಮುಚ್ಚಿದ. ಇವನು ಸತ್ತವನು ಅಂತ ಅಂದರೆ, ನಿನ್ನೆ ಅಷ್ಟು ಹೊತ್ತು ಪಾಟೀಸವಾಲು ಮಾಡಿದ್ದು ಯಾರಿಗೆ?

"ಪ್ರಶ್ನೆ ಇಲ್ಲ ಸ್ವಾಮಿ," ಅಂದು ಕುಸಿದು ಕೂತ.

ಜಡ್ಜು ಏನನ್ನೋ ಬರೆದುಕೊಳ್ಳುತ್ತಾ, ತಲೆ ಎತ್ತದೆ, "ಸರಿ, ವಾದ ಶುರು ಮಾಡಿ," ಅಂದ. ರೂಡಿ ವಾದ ಶುರು ಮಾಡಿದ. ನಡುವೆ ಒಮ್ಮೆ ತಿರುಗಿ ನೋಡಿದಾಗ ಸಾಕ್ಷಿಯ ಜಾಗ ಖಾಲಿ. ಹಲಗೆಯ ಮೇಲೆ ನೀರು.

ಸಂಜೆಯ ಹೊತ್ತಿಗೆ ಜ್ಯೂರಿ ಬಂದು, ನಿರ್ದೋಷಿ ಅಂದಿತು. ಸುಮಿಂತ್ರಾ ಕಟಕಟೆಗೆ ನುಗ್ಗಿ ಮಗನ ಬಾಯಿಗೆ ದಾಲ್‌ಪೂರಿ ತುರುಕಿದಳು. "ತಿನ್ನೋ! ಅಳಬೇಡ, ಮೊದಲು ತಿನ್ನು! ಲಾಯರ್ ತಮ್ಮಾ, ನೀನೂ ತಿನ್ನು!" ರೂಡಿ ತಿಂದ. ಬಿಸಿಯಾಗಿತ್ತು.

ಆಫೀಸಿನ ಮೆಟ್ಟಿಲ ಕೆಳಗೆ ಮಿಸ್ ಬೊವೆಲ್ ನಿಂತಳು. ಮೇಲೆ ಹತ್ತಲಿಲ್ಲ.

"ಅವನಿಗೆ 'ನೀವು ಹೋಗಬಹುದು' ಅಂತ ಜಡ್ಜು ಹೇಳಿದರಾ?"

ರೂಡಿ ನೆನಪು ಮಾಡಿಕೊಂಡ. "ಇಲ್ಲ ಮೇಡಂ. ಹೇಳಲಿಲ್ಲ. ಮರೆತರು."

"ಹಾಗಾದರೆ ಅವನಿನ್ನೂ ಹಾಜರು." ಅವಳು ಮಹಡಿಯ ಕತ್ತಲು ಕಿಟಕಿಯನ್ನು ನೋಡಿದಳು. "ಕೂಗಿದವನು ನೀನು, ಬಿಡಬೇಕಾದವನೂ ನೀನೇ. ಈಗ ಮಾತಾಡಬಹುದು, ಕಾನೂನು ಅಡ್ಡ ಬರಲ್ಲ."

"ಕತ್ತಲಲ್ಲಿ ಉತ್ತರ ಕೊಡಬಾರದು ಅಂದಿದ್ರಿ..."

"ಹೌದು. ಕೊಡಬಾರದು. ಆದರೂ ಕೊಡು. ಮಾತು ಕೊಟ್ಟಿದ್ದೀಯಲ್ಲ ಅವನಿಗೆ?" ಒಂದು ಹೆಜ್ಜೆ ಹೋಗಿ ತಿರುಗಿದಳು. "ಒಂದು ವಿಷಯ. ಅವನು ಏನೇ ಕೊಟ್ಟರೂ ಕೈಗೆ ತಗೋಬೇಡ."

ರೂಡಿ ಮೇಲೆ ಹೋದ. ದೀಪದ ಸ್ವಿಚ್ಚು ಒತ್ತಿದ. ಕರೆಂಟು ಇರಲಿಲ್ಲ. ಬೆಂಚಿನ ಕಡೆಯಿಂದ ಟಪ್... ಟಪ್...

"ಸಾಹೇಬ್ರೇ... ನಂದು ಮುಗೀತಾ?"

ರೂಡಿ ಬಾಗಿಲ ಚೌಕಟ್ಟು ಹಿಡಿದುಕೊಂಡ. ಜಡ್ಜು ಹೇಳುವ ಮಾತನ್ನೇ ಹೇಳಬೇಕು ಅಂದುಕೊಂಡಿದ್ದ. ಬಾಯಿಗೆ ಬಂದದ್ದು ಬೇರೆ.

"ಮುಗೀತು ಅಂಕಲ್. ಬಹಳ ದಿನದ ಹಿಂದೇನೇ ಮುಗಿದಿತ್ತು. ನಾವು ಹೇಳೋಕೆ ಮರೆತೆವು. ನೀವು ಹೋಗಿ."

ತೊಟ್ಟಿಕ್ಕುವುದು ನಿಂತಿತು.

ಕತ್ತಲಲ್ಲಿ ಒಂದು ಕೈ ಅವನ ಕಡೆಗೆ ಚಾಚಿತು. ಅದರಲ್ಲಿ ಏನೋ ಇತ್ತು, ಉದ್ದಕ್ಕೆ, ಭಾರವಾಗಿ. ರೂಡಿಯ ಕೈ ತಾನಾಗಿಯೇ ಮೇಲೆದ್ದಿತು. ಹಿರಿಯರು ಏನಾದರೂ ಕೊಟ್ಟರೆ ತೆಗೆದುಕೊಳ್ಳುವುದು ನಮ್ಮ ಮನೆಯಲ್ಲಿ ಕಲಿಸಿದ್ದು. ಎರಡು ಕೈಯ ನಡುವೆ ಬೆರಳಿನಷ್ಟು ಅಂತರ... ರೂಡಿ ತನ್ನ ಕೈಯನ್ನು ಬೆನ್ನ ಹಿಂದೆ ಎಳೆದುಕೊಂಡು ಇನ್ನೊಂದು ಕೈಯಿಂದ ಅದನ್ನು ಹಿಡಿದು ನಿಂತ.

ಮುದುಕ ಕಾದ. ಆಮೇಲೆ ಬೆಂಚಿನ ಮೇಲೆ, ಠಣ್.

ಹೆಜ್ಜೆಗಳು ಬಾಗಿಲ ಕಡೆ ಹೋದವು, ಮೆಟ್ಟಿಲಿಳಿದವು. ಟಕ್... ಟಕ್... ಟಕ್... ಒಣಗಿದ ಬೂಟಿನ ಸದ್ದು.

ಆ ರಾತ್ರಿ ಕಡಲು ಇಳಿಯಿತು. ನಮ್ಮ ತೂಬನ್ನು ಯಾರೂ ಎತ್ತಲಿಲ್ಲ. ಬೆಳಗ್ಗೆ ಇಡೀ ಪೇಶನ್ಸಿನ ಅಂಗಳಗಳಲ್ಲಿ ಬಾತುಕೋಳಿಗಳು ತೇಲುತ್ತಿದ್ದವು. ಜನ ಓಡಿ ಹೋಗಿ ನೋಡಿದರೆ ರಾಟೆಗೆ ಹಿಡಿಯೇ ಇಲ್ಲ. ಕಮ್ಮಾರನ ಹತ್ತಿರ ಹೊಸದು ಮಾಡಿಸಿ, ಹೊಸ ನೀರುಗಂಟಿಯನ್ನು ಇಟ್ಟರು. ಅವನು ಸಾಯಂಕಾಲವಾದರೆ ಹಾಡು ಹೇಳುತ್ತಾ ತಿರುಗಿಸುತ್ತಾನೆ, ಬದುಕಿದ್ದೇನೆ ಅಂತ ಊರಿಗೆ ಗೊತ್ತಾಗಲಿ ಅಂತ.

ಸುಳ್ಳು ಅನ್ನುತ್ತೀರಾ? ನನ್ನ ಅಡುಗೆಮನೆ ಗೋಡೆಯಲ್ಲಿ ನೀರು ನಿಂತ ಗೆರೆ ಇದೆ, ಬೆಳಗಾಗಲಿ ತೋರಿಸುತ್ತೇನೆ. ಅದೂ ಸಾಲದಿದ್ದರೆ ರೂಡಿಯ ಆಫೀಸಿಗೆ ಹೋಗಿ. ತೂಬಿನ ಹಳೇ ಹಿಡಿ ಆ ಬೆಂಚಿನ ಮೇಲೆ ಬಿದ್ದಲ್ಲೇ ಬಿದ್ದಿದೆ. ಕಕ್ಷಿದಾರರು ಪಕ್ಕಕ್ಕೆ ಸರಿದು ಕೂರುತ್ತಾರೆ. ಕಸ ಗುಡಿಸುವವಳೂ ಅದನ್ನು ಎತ್ತುವುದಿಲ್ಲ, ಎತ್ತಿದವರಿಗೆ ಮುದುಕನ ಕೆಲಸ ಅಂಟಿಕೊಳ್ಳುತ್ತದೆ ಅಂತ.

ನಾನು ಮುಟ್ಟಿ ನೋಡಿದ್ದೇನೆ. ಎತ್ತಲಿಲ್ಲ, ಬರೀ ಮುಟ್ಟಿದೆ. ಕಬ್ಬಿಣವೆಲ್ಲ ತಣ್ಣಗಿತ್ತು. ಕೈ ಹಿಡಿಯುವ ಜಾಗ ಮಾತ್ರ ಬೆಚ್ಚಗಿತ್ತು, ಯಾರೋ ಈಗ ತಾನೇ ಬಿಟ್ಟ ಹಾಗೆ.